ಕ್ಯಾನು ನೆಲದ ಮೇಲೇ ಇರಲಿ

ನಮ್ಮ ಟ್ರ್ಯಾಕ್ಟರಿನ ಡೀಸೆಲ್ ಟ್ಯಾಂಕಿನ ಬಾಯಿ ನನ್ನ ಗದ್ದದ ಮಟ್ಟಕ್ಕಿದೆ. ಟೇಪು ಹಿಡಿದು ಅಳೆದಿದ್ದೇನೆ, ನೆಲದಿಂದ 4 ಅಡಿ 3 ಇಂಚು. ನಾನು 5 ಅಡಿಗೆ ಒಂದು ಬೆರಳು ಕಡಿಮೆ. ನಮ್ಮ ಕಡೆ ಹೆಚ್ಚಿನವರ ಮನೆಯಲ್ಲಿರುವ ನೀಲಿ ಕ್ಯಾನು 35 ಲೀಟರಿನದು. ಡೀಸೆಲ್ ನೀರಿಗಿಂತ ಹಗುರ, ಲೀಟರಿಗೆ ಸುಮಾರು 830 ಗ್ರಾಂ. ಹಾಗಿದ್ದರೂ ತುಂಬಿದ ಕ್ಯಾನು ಅಂದರೆ 29 ಕಿಲೋ, ಮೇಲೆ ಕ್ಯಾನಿನದೇ ತೂಕ ಬೇರೆ. ಅದನ್ನು ಗದ್ದದ ಮಟ್ಟಕ್ಕೆ ಎತ್ತಬೇಕು, ಬಾಗಿಸಬೇಕು, ಲಾಳಿಕೆಯೊಳಗೇ ಬೀಳುವಂತೆ ಹಿಡಿದು ಖಾಲಿ ಆಗುವ ತನಕ ನಿಲ್ಲಬೇಕು. ನಮ್ಮ ಮನೆಯವರು ಹದಿನಾಲ್ಕು ವರ್ಷ ಈ ಕೆಲಸ ಮಾಡಿದರು. ನನಗೆ ಅದು ಒಂದು ದಿನವೂ ಆಗುವಂಥದ್ದಲ್ಲ. ಆದರೂ ಈಗ ನಾಲ್ಕು ವರ್ಷದಿಂದ ಟ್ರ್ಯಾಕ್ಟರಿಗೆ ಡೀಸೆಲ್ ಹಾಕುತ್ತಿರುವವಳು ನಾನೇ.

ನಮ್ಮದು ನವಲಗುಂದ ತಾಲ್ಲೂಕು, ಬೆಣ್ಣಿಹಳ್ಳದ ದಂಡೆಯ ಊರು. ಹದಿನಾಲ್ಕು ಎಕರೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು, ಎರಡು ತುಂಡಾಗಿ. ಮುಂಗಾರಿಗೆ ಹೆಸರು, ಸ್ವಲ್ಪ ಗೋವಿನಜೋಳ. ಹಿಂಗಾರಿಗೆ ಕಡಲೆ, ಬಿಳಿಜೋಳ, ಸಾಲು ಬಿಟ್ಟು ಕುಸುಬಿ. ಟ್ರ್ಯಾಕ್ಟರನ್ನೇ ಬಂಕಿಗೆ ಒಯ್ದು ತುಂಬಿಸಿಕೊಂಡು ಬಂದರೆ ಆಯಿತಲ್ಲ ಅಂತ ಧಾರವಾಡದಲ್ಲಿರುವ ನನ್ನ ತಂಗಿ ಕೇಳುತ್ತಾಳೆ. ಎರಿ ಮಣ್ಣು ಗೊತ್ತಿದ್ದವರು ಹಾಗೆ ಕೇಳುವುದಿಲ್ಲ. ಒಂದು ಹದ ಮಳೆ ಆದರೆ ಹೊಲದ ದಾರಿಯ ಮಣ್ಣು ಗಾಲಿಗೆ ಹತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗದ ಹಾಗೆ ಹಿಡಿದುಬಿಡುತ್ತದೆ. ಹೊಲದಲ್ಲಿ ನಿಂತ ಟ್ರ್ಯಾಕ್ಟರ್ ನಾಲ್ಕು ದಿನ ಅಲ್ಲೇ. ಮೇಲಿನ ಮಣ್ಣು ಆರಿ ಹದಕ್ಕೆ ಬಂದ ಕೂಡಲೇ ಕೆಲಸ ಹಿಡಿಯಬೇಕು, ಬಿತ್ತನೆ ನಮಗಾಗಿ ಕಾಯುವುದಿಲ್ಲ. ಹೊಲದಿಂದ ಡಾಂಬರು ರಸ್ತೆಗೆ 4 ಕಿಲೋಮೀಟರ್. ಅಲ್ಲಿಂದ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಬಂಕಿಗೆ ಇನ್ನೂ ದೂರ. ಮಣ್ಣು ಪುಡಿ ಮಾಡುವ ರೂಟರ್ ಹೊಡೆದರೆ ತಾಸಿಗೆ ಐದಾರು ಲೀಟರ್ ಕುಡಿಯುವ ಗಾಡಿಗೆ ಡೀಸೆಲ್ ಇದ್ದಲ್ಲಿಗೇ ಬರಬೇಕು, ಅದಕ್ಕೆ ಕ್ಯಾನೇ ಗತಿ.

ನಾಲ್ಕು ವರ್ಷದ ಹಿಂದೆ ಹಿಂಗಾರಿ ಬಿತ್ತನೆ ಮುಗಿಯುತ್ತ ಬಂದಿತ್ತು. ನಮ್ಮ ಮನೆಯವರು ಯಾವಾಗಲೂ ಮಾಡುವಂತೆ ಒಂದು ಕಾಲನ್ನು ಮುಂದಿನ ಗಾಲಿಯ ಮೇಲಿಟ್ಟು, ಕ್ಯಾನನ್ನು ತೊಡೆಗೆ ಆನಿಸಿಕೊಂಡು, ಅಲ್ಲಿಂದ ಬಾನೆಟ್ ಮೇಲಕ್ಕೆ ಎತ್ತಿದರು. ಚಪ್ಪಲಿಗೆ ಎರಿ ಮಣ್ಣು ಮೆತ್ತಿತ್ತು. ಕಾಲು ಜಾರಿತು. ಅವರು ಬೀಳಲಿಲ್ಲ. ಕ್ಯಾನು ಬೀಳಬಾರದು ಅಂತ ಸೊಂಟ ತಿರುವಿ ಹಿಡಿದರು. ಅರ್ಧ ಡೀಸೆಲ್ ಅಂಗಿಯ ಮೇಲೆ, ಬಾನೆಟ್ ಮೇಲೆ ಚೆಲ್ಲಿತು. ಎಂಜಿನ್ ಆಗಲೇ ತಣ್ಣಗಾಗಿತ್ತು, ಅದೊಂದು ಪುಣ್ಯ. ಆವತ್ತು ಕೆಲಸ ಮುಗಿಸಿಯೇ ಮನೆಗೆ ಬಂದರು. ರಾತ್ರಿ ಊಟಕ್ಕೆ ಕೂತವರು ಏಳಲಿಲ್ಲ. ಎಡಗಾಲು ಬೆಂಕಿ ಹಚ್ಚಿದ ಹಾಗೆ ಉರಿಯುತ್ತದೆ ಅಂದರು. ಬೆನ್ನಿನ ಕೆಳಗಿನ ಮಣಿಗಳ ನಡುವಿನ ಗಾದಿ ಹೊರಗೆ ಸರಿದು ನರ ಒತ್ತುತ್ತಿದೆ ಅಂತ ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಆರು ವಾರ ಮಲಗಿದ್ದರು. ಈಗ ಓಡಾಡುತ್ತಾರೆ, ಟ್ರ್ಯಾಕ್ಟರ್ ಸೀಟಿನ ಮೇಲೆ ಅರ್ಧ ತಾಸಿಗಿಂತ ಹೆಚ್ಚು ಕೂರುವಂತಿಲ್ಲ, ಭಾರ ಎತ್ತುವುದಂತೂ ಇಲ್ಲವೇ ಇಲ್ಲ.

ಡಾಕ್ಟರು ಹೇಳಿದ ಒಂದು ಮಾತು ನನಗೆ ಕೂಡಲೇ ತಿಳಿಯಿತು. ಭಾರ ಎಷ್ಟು ಅನ್ನುವುದಕ್ಕಿಂತ, ಅದು ಮೈಯಿಂದ ಎಷ್ಟು ದೂರ ಇದೆ ಅನ್ನುವುದು ಬೆನ್ನಿಗೆ ಮುಖ್ಯ ಅಂದರು. ಕೊಡ ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ನಾನು ಮಾತಾಡುತ್ತ ಕೆರೆಯಿಂದ ಮನೆಗೆ ನಡೆದಿದ್ದೇನೆ. ಅದೇ ಕೊಡವನ್ನು ಕೈ ಮುಂದೆ ಚಾಚಿ ಹಿಡಿ ಅಂದರೆ ಹತ್ತು ಎಣಿಸುವುದರೊಳಗೆ ಇಳಿಸುತ್ತೇನೆ. ಟ್ಯಾಂಕಿಗೆ ಕ್ಯಾನು ಬಾಗಿಸುವಾಗ ಭಾರವೆಲ್ಲ ಚಾಚಿದ ಕೈಯಲ್ಲಿರುತ್ತದೆ. ಜೊತೆಗೆ ಒಳಗಿನ ಡೀಸೆಲ್ ಆ ಕಡೆ ಈ ಕಡೆ ಹೊಯ್ದಾಡಿ ಎಳೆಯುತ್ತದೆ. ಹದಿನಾಲ್ಕು ವರ್ಷ ಆ ಬೆನ್ನು ತಡೆದದ್ದೇ ಹೆಚ್ಚು.

ಆಮೇಲಿನ ದಿನಗಳು ನನಗೆ ಕಷ್ಟದವು. ಟ್ರ್ಯಾಕ್ಟರ್ ಹೊಡೆಯಲು ಒಬ್ಬ ಹುಡುಗನನ್ನು ಇಟ್ಟುಕೊಂಡೆವು. ಒಳ್ಳೆಯ ಹುಡುಗ, ಆದರೆ ಸಣ್ಣ ಮೈ. ಅವನೊಬ್ಬನ ಕೈಲಿ ಕ್ಯಾನು ಮೇಲಕ್ಕೆ ಹೋಗುತ್ತಿರಲಿಲ್ಲ. ಪಕ್ಕದ ಹೊಲದವರನ್ನು ಕರೆಯಬೇಕು. ಅವರು ಬಂದೇನೋ ಎತ್ತಿಕೊಡುತ್ತಿದ್ದರು, ಯಾರೂ ಇಲ್ಲ ಅಂದಿಲ್ಲ. ಆದರೆ ಅವರಿಗೂ ಅವರ ಕೆಲಸ ಇತ್ತು. ಬೆಳಗಿನ ತಂಪು ಹೊತ್ತಿನಲ್ಲಿ ಒಂದೊಂದು ತಾಸು ಗಾಡಿ ಸುಮ್ಮನೆ ನಿಲ್ಲುತ್ತಿತ್ತು. ಒಂದು ಕ್ಯಾನು ಎತ್ತಲಿಕ್ಕೆ ದಿನಾ ಇನ್ನೊಬ್ಬರ ದಾರಿ ಕಾಯುವುದು ನನ್ನಿಂದ ಆಗಲಿಲ್ಲ. ನಮ್ಮ ಅತ್ತೆ, "ಎತ್ತೋದ ಆಗಂಗಿಲ್ಲ ಅಂದಮ್ಯಾಲೆ ಎತ್ತದ ಹಾಕೋ ದಾರಿ ಹುಡುಕವಾ," ಅಂದರು. ಅವರು ಸಹಜವಾಗಿ ಅಂದದ್ದು, ನನಗೆ ಅದೇ ಹಿಡಿಯಿತು.

ಮೊದಲು ಮಾಡಿದ್ದು ಬುದ್ಧಿಗೆ ಹೊಳೆದ ಸುಲಭದ ಕೆಲಸ. ಕ್ಯಾನಿನಿಂದ ಬಕೆಟ್ಟಿಗೆ ಬಗ್ಗಿಸಿಕೊಂಡು, ಬಕೆಟ್ಟಿನಿಂದ ತಂಬಿಗೆಯಲ್ಲಿ ತೋಡಿ ತೋಡಿ ಟ್ಯಾಂಕಿಗೆ ಹಾಕಿದೆ. ಬೆನ್ನಿಗೆ ನೋವಿಲ್ಲ, ನಿಜ. ಆದರೆ ಬಾಯಿ ತೆರೆದ ಬಕೆಟ್ಟಿಗೆ ಹೊಲದ ಧೂಳೆಲ್ಲ ಬೀಳುತ್ತದೆ. ತಂಬಿಗೆಯ ತಳದಿಂದ ಸೋರಿದ್ದು ಟೈರಿನ ಮೇಲೆ, ಸೀರೆಯ ಮೇಲೆ. ಹೊಲದ ಬಾಯಲ್ಲಿ ನಾವು ದಿನಾ ನಿಲ್ಲಿಸುತ್ತಿದ್ದ ಜಾಗದಲ್ಲಿ ಡೀಸೆಲ್ ಇಂಗಿ ಪರಾತದಷ್ಟು ಅಗಲದ ಒಂದು ಜಿಡ್ಡುಮಣ್ಣಿನ ತುಂಡಾಯಿತು. ಅಲ್ಲಿ ಮುಂದೆ ಎರಡು ಮಳೆಗಾಲ ಕರಿಕೆಯೂ ಹುಟ್ಟಲಿಲ್ಲ. ಕರಿಕೆ ಹುಟ್ಟದ ಮಣ್ಣನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಬಕೆಟ್ಟು ಬಿಟ್ಟೆ. ಅದೇ ದಿನಗಳಲ್ಲಿ 35ರ ಕ್ಯಾನನ್ನೂ ಬಿಟ್ಟೆ, ಇದು ನಾನು ಮಾಡಿದ ಅತಿ ಒಳ್ಳೆಯ ಕೆಲಸ. ಅದರ ಬದಲು 10 ಲೀಟರಿನ ಆರು ಕ್ಯಾನು ತಂದೆ. ಒಂದು ತುಂಬಿದರೆ 8 ಕಿಲೋ ಚಿಲ್ಲರೆ. ಎರಡು ಕೈಗೆ ಎರಡು ಹಿಡಿದರೆ ತಕ್ಕಡಿಯ ಹಾಗೆ ಮೈ ನೆಟ್ಟಗಿರುತ್ತದೆ. ಬಂಕಿನಿಂದ ಊರಿಗೆ ಟಂಟಂ ಗಾಡಿಯಲ್ಲಿ ಬರುತ್ತವೆ. ಗಾಡಿಯೊಳಗೇ ಇಟ್ಟು ತುಂಬಿಸಬಾರದು, ಇಳಿಸಿ ನೆಲದ ಮೇಲಿಟ್ಟು ತುಂಬಿಸಬೇಕು. ಎಣ್ಣೆ ಹರಿಯುವಾಗ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹುಟ್ಟುವ ವಿದ್ಯುತ್ತು ನೆಲ ಮುಟ್ಟಿದ್ದರೆ ಸ್ವಲ್ಪವಾದರೂ ಇಳಿದುಹೋಗುತ್ತದೆ, ಇಲ್ಲದಿದ್ದರೆ ಕಿಡಿಯಾಗಿ ಹಾರಬಹುದು. ಪೆಟ್ರೋಲ್ ತುಂಬಿಸುವಾಗ ಇದು ಜೀವದ ಪ್ರಶ್ನೆ. ಕ್ಯಾನನ್ನು ಕಂಠದ ತನಕ ತುಂಬಿಸುವುದೂ ಬೇಡ. ಬಿಸಿಲಿಗೆ ಡೀಸೆಲ್ ಉಬ್ಬುತ್ತದೆ, ನಾಲ್ಕು ಬೆರಳು ಜಾಗ ಬಿಡಿ.

ಕೃಷಿಭಾಗ್ಯ ಯೋಜನೆಯಲ್ಲಿ ತೋಡಿಸಿದ ಹೊಂಡ ನಮ್ಮ ದೊಡ್ಡ ಹೊಲದಲ್ಲಿದೆ. ತೋಡಿದ ಮಣ್ಣನ್ನು ಸುತ್ತಲೂ ಹಾಕಿ ಒಡ್ಡು ಮಾಡಿದ್ದಾರೆ, ನನಗಿಂತ ಒಂದು ಗೇಣು ಎತ್ತರ. ಒಂದು ಸಂಜೆ ಆ ಒಡ್ಡಿನ ಮೇಲೆ ಕೂತಿದ್ದಾಗ ನಮ್ಮ ಅಪ್ಪ ನೆನಪಾದ. ತವರಿನಲ್ಲಿ ನೀರಿನ ಹೌದು, ಅಂದರೆ ತೊಟ್ಟಿ, ತೊಳೆಯುವಾಗ ಅಪ್ಪ ಬಗೆದು ಹಾಕುತ್ತಿರಲಿಲ್ಲ. ಪೈಪು ಪೂರ್ತಿ ನೀರಲ್ಲಿ ಮುಳುಗಿಸಿ, ಒಂದು ತುದಿಗೆ ಹೆಬ್ಬೆರಳು ಒತ್ತಿ, ಆ ತುದಿಯನ್ನು ಹೌದಿನ ಗೋಡೆ ದಾಟಿಸಿ ಹಿತ್ತಲಿನ ತಗ್ಗಿಗೆ ಬಿಡುತ್ತಿದ್ದ. ಬೆರಳು ತೆಗೆದರೆ ನೀರು ತಾನಾಗಿ ಗೋಡೆ ಹತ್ತಿ ಇಳಿಯುತ್ತಿತ್ತು. ಹೌದಿನ ನೀರು ಖಾಲಿ ಆಗುವ ತನಕ ನಿಲ್ಲುತ್ತಿರಲಿಲ್ಲ. ಕೆಳಗಿಳಿದ ಕಡೆಯ ಪೈಪು ಉದ್ದ, ಅದರಲ್ಲಿನ ನೀರಿನ ಭಾರ ಹೆಚ್ಚು. ಅದು ಕೆಳಗೆ ಜಗ್ಗಿದಂತೆ ಹೌದಿನ ನೀರಿನ ಮೇಲೆ ಕೂತ ಗಾಳಿಯ ಒತ್ತಡ ಹೊಸ ನೀರನ್ನು ಪೈಪಿನೊಳಗೆ ನೂಕುತ್ತದೆ. ನೀರಿಗೆ ಆಗುವುದು ಡೀಸೆಲಿಗೂ ಆಗಲೇಬೇಕು.

ಮರುದಿನ ಟ್ರ್ಯಾಕ್ಟರನ್ನು ಒಡ್ಡಿನ ಬುಡಕ್ಕೆ ತಂದು ನಿಲ್ಲಿಸಿದೆವು. ಹುಡುಗ ಎರಡೆರಡಾಗಿ ಕ್ಯಾನು ಹಿಡಿದು ಇಳಿಜಾರಿನಲ್ಲಿ ಹತ್ತಿದ. ಒಡ್ಡಿನ ತಲೆಯ ಮೇಲಿದ್ದ ಕ್ಯಾನು ಈಗ ಟ್ಯಾಂಕಿನ ಬಾಯಿಗಿಂತ ಒಂದು ಅಡಿಗೂ ಹೆಚ್ಚು ಮೇಲೆ. ಪೈಪು ಹಾಕಿದೆವು. ಆದರೆ ಹೌದಿನಲ್ಲಿ ಮುಳುಗಿಸಿದ ಹಾಗೆ ಕ್ಯಾನಿನ ಸಣ್ಣ ಬಾಯಿಯಿಂದ ಪೈಪನ್ನು ಪೂರ್ತಿ ಮುಳುಗಿಸಲಿಕ್ಕೆ ಬರಲಿಲ್ಲ. ನಾನು ಯೋಚನೆ ಮಾಡುತ್ತ ನಿಂತಿದ್ದೆ. ಹುಡುಗ, "ಅಕ್ಕಾರ, ಸರೀರಿ, ಒಂದ್ ಜಗ್ಗ ಜಗ್ಗತೇನಿ," ಅಂತ ತುದಿ ಬಾಯಿಗೆ ಹಿಡಿದು ಎಳೆದ.

ಡೀಸೆಲ್ ಬಂತು. ಅವನು ಅಂದುಕೊಂಡದ್ದಕ್ಕಿಂತ ಬೇಗ ಬಂತು. ಬಾಯಿ ತುಂಬಿ, ಕೆಮ್ಮಿ, ಉಗುಳಿದ. ಕಣ್ಣಲ್ಲಿ ನೀರು. "ಏನ ಆಗಿಲ್ರಿ," ಅಂದ. ಬಾಯಿ ತೊಳೆದು ಕೆಲಸ ಮಾಡಿದ. ರಾತ್ರಿ ಹತ್ತಕ್ಕೆ ಅವನ ತಾಯಿ ಬಂದು ಬಾಗಿಲು ಬಡಿದಳು. ಜ್ವರ, ಎದೆ ನೋವು, ಉಸಿರಾಡಿದರೆ ಕೆಮ್ಮು. ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದರು. ಬಲಗಡೆಯ ಪುಪ್ಪುಸದ ಕೆಳಗೆ ಬಿಳಿ ಕಲೆ. ಹೊಟ್ಟೆಗೆ ಹೋದ ಡೀಸೆಲಿಗಿಂತ ಉಸಿರಿನ ಜೊತೆ ಎದೆಗೆ ಇಳಿದ ಒಂದೆರಡು ಹನಿಯೇ ಹೆಚ್ಚು ಅಪಾಯ ಅಂತ ಡಾಕ್ಟರು ತಿಳಿಸಿ ಹೇಳಿದರು. ಅದು ತೆಳ್ಳಗಿರುವ ಎಣ್ಣೆ, ಪುಪ್ಪುಸದೊಳಗೆ ಹರಡಿ ಉರಿಯೂತ ಮಾಡುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಎಲ್ಲದ್ದೂ ಇದೇ ಗುಣ. ಅದಕ್ಕೇ ನುಂಗಿದವರಿಗೆ ವಾಂತಿ ಮಾಡಿಸಬಾರದು. ವಾಂತಿಯಲ್ಲಿ ಮೇಲೆ ಬಂದದ್ದು ಮತ್ತೆ ಎದೆಗೆ ಇಳಿಯುತ್ತದೆ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಏನೂ ಬೇಡ, ಸೀದಾ ಆಸ್ಪತ್ರೆಗೆ ಒಯ್ಯಿರಿ.

ಹುಡುಗ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಹುಷಾರಾದ. ಆ ನಾಲ್ಕು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಗಂಡನ ಬೆನ್ನು ಉಳಿಸಲಿಕ್ಕೆ ಹೋಗಿ ಇನ್ನೊಬ್ಬ ತಾಯಿಯ ಮಗನ ಎದೆ ಕೆಡಿಸಿದೆನಲ್ಲ ಅಂತ. ನಮ್ಮ ಕಡೆ ಡ್ರೈವರುಗಳು, ಗ್ಯಾರೇಜಿನ ಹುಡುಗರು ಬಾಯಲ್ಲಿ ಎಳೆಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ನೀವೂ ನೋಡಿರುತ್ತೀರಿ. ಇದನ್ನು ಓದುವ ಒಬ್ಬರಾದರೂ ಅದನ್ನು ಬಿಟ್ಟರೆ ಸಾಕು, ಉಳಿದದ್ದನ್ನೆಲ್ಲ ಮರೆತರೂ ನಡೆಯುತ್ತದೆ.

ಅವನನ್ನು ನೋಡಲು ಹುಬ್ಬಳ್ಳಿಗೆ ಹೋದ ದಿನವೇ ಪೇಟೆಯಲ್ಲಿ ಪಂಪು, ಪೈಪು ಮಾರುವ ಅಂಗಡಿಗಳನ್ನು ಕೇಳುತ್ತ ಹೋದೆ. ಮೂರನೇ ಅಂಗಡಿಯವರು ಒಳಗಿನಿಂದ ಒಂದು ವಸ್ತು ತಂದು ಕೊಟ್ಟರು. ಎರಡೂವರೆ ಮಾರುದ್ದದ ಪೈಪು, ಅದರ ಒಂದು ತುದಿಗೆ ಹೆಬ್ಬೆರಳು ಗಾತ್ರದ ಹಿತ್ತಾಳೆಯ ಕೊಳವೆ. ಕೊಳವೆಯ ಕೆಳಗೆ ತೂತು, ತೂತಿನ ಮೇಲೆ ಒಂದು ಗಾಜಿನ ಗೋಲಿ. ಗೋಲಿ ಸೋಡಾದ ಬಾಟಲಿಯಲ್ಲಿ ಗೋಲಿ ಬಾಯಿ ಮುಚ್ಚುವಂತೆ ಇಲ್ಲಿ ಕೆಳಗಿನ ತೂತು ಮುಚ್ಚುತ್ತದೆ. ಕೊಳವೆಯನ್ನು ಡೀಸೆಲಿನಲ್ಲಿ ಮುಳುಗಿಸಿ ಮೇಲೆ ಕೆಳಗೆ ಜೋರಾಗಿ ಅಲ್ಲಾಡಿಸಬೇಕು. ಕೆಳಗೆ ಒತ್ತಿದಾಗ ಗೋಲಿ ಎದ್ದು ಒಂದು ಗುಟುಕು ಡೀಸೆಲ್ ಒಳಗೆ ಬಿಡುತ್ತದೆ. ಮೇಲೆ ಎತ್ತಿದಾಗ ಗೋಲಿ ಕೂತು ಬಂದ ಗುಟುಕನ್ನು ಹಿಂದೆ ಹೋಗಲು ಬಿಡುವುದಿಲ್ಲ. ಟಕ್ ಟಕ್ ಅಂತ ಸದ್ದು ಕೇಳುತ್ತದೆ. ಪಾರದರ್ಶಕ ಪೈಪಿನಲ್ಲಿ ಹಳದಿ ಗೆರೆ ಗೇಣು ಗೇಣಾಗಿ ಏರುವುದು ಕಣ್ಣಿಗೆ ಕಾಣುತ್ತದೆ. ನಾನು ಎಣಿಸಿದ್ದೇನೆ, ಹನ್ನೆರಡು ಹದಿಮೂರು ಸಲ ಅಲ್ಲಾಡಿಸಿದರೆ ಗೆರೆ ಬಾಗು ದಾಟುತ್ತದೆ. ಆಮೇಲೆ ಕೈ ಬಿಟ್ಟರೂ ಹರಿಯುತ್ತದೆ. 10 ಲೀಟರಿಗೆ ಒಂದೂವರೆ ನಿಮಿಷ.

ನೆನಪಿಡಬೇಕಾದದ್ದು, ಹೀಗೆ ಮೇಲಿನಿಂದ ಪೈಪಿನಲ್ಲಿ ಇಳಿಸುವ ಸೈಫನ್ ತಾನಾಗಿ ನಿಲ್ಲುವುದಿಲ್ಲ. ಟ್ಯಾಂಕು ತುಂಬಿದರೂ ಹರಿಯುತ್ತಲೇ ಇರುತ್ತದೆ. ತುಂಬುತ್ತ ಬಂದಾಗ ಮೇಲಿನ ತುದಿಯನ್ನು ಡೀಸೆಲಿನಿಂದ ಹೊರಗೆ ಎತ್ತಬೇಕು, ಒಳಗೆ ಗಾಳಿ ಹೋದ ಕೂಡಲೇ ನಿಲ್ಲುತ್ತದೆ. ನಾವು ಇಬ್ಬರಿದ್ದರೆ ಒಬ್ಬರು ಮೇಲೆ, ಒಬ್ಬರು ಟ್ಯಾಂಕಿನ ಬಾಯಿ ನೋಡುತ್ತ ಕೆಳಗೆ. ಒಬ್ಬಳೇ ಇದ್ದರೆ ಟ್ಯಾಂಕಿನಲ್ಲಿ ಎಷ್ಟು ಜಾಗ ಇದೆ ಅಂತ ಮೊದಲೇ ಲೆಕ್ಕ ಹಾಕಿ ಅಷ್ಟೇ ಕ್ಯಾನು ಮೇಲೆ ಒಯ್ಯುತ್ತೇನೆ.

ಒಡ್ಡು ಇಲ್ಲದ ಸಣ್ಣ ಹೊಲದಲ್ಲಿ ಏನು ಮಾಡುವುದು? ಎರಿ ಹೊಲ ಅಂದರೆ ತಟ್ಟೆಯ ಹಾಗೆ ಸಪಾಟು. ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ, ಅಂದರೆ ಟ್ರೇಲರಿನಲ್ಲಿ, ಬ್ಯಾರಲ್ ನಿಲ್ಲಿಸಿ ಅದರಿಂದ ಸೈಫನ್ ಮಾಡಿದರೆ ಹೇಗೆ ಅಂತ ನಮ್ಮ ಮನೆಯವರು ಸೂಚಿಸಿದರು. ಮಾಡಿದೆವು. ಭರಭರ ಶುರುವಾಯಿತು, ಬರಬರುತ್ತ ನಿಧಾನವಾಯಿತು, ಬ್ಯಾರಲ್ ಅರ್ಧಕ್ಕೆ ಬಂದಾಗ ನಿಂತೇ ಹೋಯಿತು. ಪೈಪು ಕಟ್ಟಿಕೊಂಡಿದೆ ಅಂತ ಊದಿ ನೋಡಿದೆವು. ಪೈಪಿಗೇನೂ ಆಗಿರಲಿಲ್ಲ. ಡಬ್ಬಿಯ ತಳ ಟ್ಯಾಂಕಿನ ಬಾಯಿಗಿಂತ ಕೆಳಗೆ. ಬ್ಯಾರಲಿನ ಡೀಸೆಲ್ ಮಟ್ಟ ಇಳಿದು ಟ್ಯಾಂಕಿನ ಮಟ್ಟಕ್ಕೆ ಸಮ ಆಯಿತು, ಅಷ್ಟೇ. ಸಮ ಆದಮೇಲೆ ಜಗ್ಗುವ ಭಾರ ಎಲ್ಲಿ? ಕೆಳಗಿನ ಅರ್ಧ ಮೇಲಕ್ಕೆ ಬರಬೇಕಾದರೆ ಪಂಪೇ ಬೇಕು.

ಬ್ಯಾರಲಿಗೆ ಕೈಯಿಂದ ತಿರುವುವ ಪಂಪು ಸಿಗುತ್ತದೆ. ಬ್ಯಾರಲಿನ ದೊಡ್ಡ ಬಿರಡೆಯ ಜಾಗಕ್ಕೆ ತಿರುಪಿ ಕೂರಿಸುವುದು. 2 ಇಂಚಿನ ಆಟೆ (ತಿರುಪಿನ ಸುತ್ತು), ಎಲ್ಲ ಕಬ್ಬಿಣದ ಬ್ಯಾರಲಿಗೂ ಸಾಮಾನ್ಯವಾಗಿ ಅದೇ ಅಳತೆ. ಒಂದು ಸುತ್ತಿಗೆ ಕಾಲು ಲೀಟರ್ ಬರುತ್ತದೆ. ಬೀಸುವ ಕಲ್ಲು ತಿರುವಿದ ಕೈಗೆ ಇದು ಆಟದ ಕೆಲಸ. ತಿರುವುವ ಮುಂಚೆ ಇನ್ನೊಂದು ಸಣ್ಣ ಬಿರಡೆ ಸಡಿಲಿಸುವುದನ್ನು ಮರೆಯಬೇಡಿ. ಒಳಗಿನ ಡೀಸೆಲ್ ಹೊರಬಂದ ಜಾಗಕ್ಕೆ ಗಾಳಿ ಹೋಗದಿದ್ದರೆ ಪಂಪು ಬಿಗಿಯಾಗಿ ಕೈ ಸೋಲುತ್ತದೆ. ಆ ಬ್ಯಾರಲ್ ಈಗ ನಮ್ಮ ಮನೆಯ ಹಿತ್ತಲಿನ ಸಪ್ಪರದಲ್ಲಿದೆ, ಒಲೆಯಿಂದ ದೂರ. ಇಷ್ಟು ಡೀಸೆಲ್ ಮನೆಯಲ್ಲಿ ಇಡಬಹುದಾ ಅಂತ ಕೇಳುವವರಿದ್ದಾರೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಡೀಸೆಲ್ 2,500 ಲೀಟರ್ ತನಕ, ಒಂದೊಂದು ಪಾತ್ರೆ 1,000 ಲೀಟರ್ ಮೀರದಂತೆ ಇದ್ದರೆ ಲೈಸೆನ್ಸ್ ಬೇಡ. ಪೆಟ್ರೋಲ್ ಮಾತ್ರ ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್ ತನಕ ಅಷ್ಟೇ. ಎರಡಕ್ಕೂ ಇಷ್ಟೊಂದು ವ್ಯತ್ಯಾಸ ಯಾಕೆ ಇಟ್ಟಿದ್ದಾರೆ ಅನ್ನುವುದು ಬೆಂಕಿ ಕಂಡವರಿಗೆ ಗೊತ್ತು.

ಹೊಲಕ್ಕೆ ತಂದದ್ದು ಬ್ಯಾಟರಿ ಪಂಪು. ಟಾರ್ಚಿನಷ್ಟು ಉದ್ದದ ಸ್ಟೀಲ್ ಕೊಳವೆ, ಒಳಗೆ ಸಣ್ಣ ಮೋಟರ್, ಹಿಂದೆ ಪೈಪು, ಎರಡು ವೈರಿನ ತುದಿಗೆ ಎರಡು ಕ್ಲಿಪ್ಪು. ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದಲೇ ಓಡುತ್ತದೆ. ಕೊಳವೆಯನ್ನು ನೆಲದ ಮೇಲಿನ ಕ್ಯಾನಿನೊಳಗೆ ಇಳಿಬಿಟ್ಟರೆ ಆಯಿತು, ಡೀಸೆಲ್ ತಾನೇ ಟ್ಯಾಂಕಿಗೆ ಏರುತ್ತದೆ. ಇದರಲ್ಲಿ ಎರಡು ದಪ್ಪ ಬರುತ್ತವೆ, ಒಂದೂವರೆ ಇಂಚಿನದು ಮತ್ತು ಎರಡು ಇಂಚಿನದು. ಕ್ಯಾನಿನ ಬಾಯಿ ಎಷ್ಟಿದೆ ಅಂತ ಅಂಗಡಿಯವರು ಕೇಳಿದರೆ ಹೇಳಬೇಕಲ್ಲ. ನಾನು ಹೊರಡುವ ಮುಂಚೆ ನನ್ನ ಗಾಜಿನ ಬಳೆ ತೆಗೆದು ಕ್ಯಾನಿನ ಬಾಯಿಯ ಮೇಲಿಟ್ಟು ನೋಡಿದ್ದೆ. ನನ್ನದು ಎರಡು-ನಾಲ್ಕರ ಅಳತೆ, ಅಂದರೆ ಎರಡೂಕಾಲು ಇಂಚು. ಬಳೆ ಬಾಯಿಯ ಸುತ್ತ ಬಿಗಿಯಾಗಿ ಕೂತಿತು. ಹೊರಗಿನ ಅಳತೆ ಅಷ್ಟಾದರೆ ಒಳಗೆ ಎರಡು ಇಂಚಿಗೂ ಕಡಿಮೆ. ಒಂದೂವರೆಯದ್ದೇ ಕೊಡಿ ಅಂದೆ.

ಈ ಪಂಪಿನ ಜೊತೆ ಮೊದಲ ವಾರ ಎರಡು ಪಾಠ ಆದವು. ಧೂಳು ಬೀಳಬಾರದು ಅಂತ ಪಂಪಿಗೂ ಕ್ಯಾನಿನ ಬಾಯಿಗೂ ನಡುವೆ ಅರಿವೆ ತುರುಕಿದ್ದೆ. ಸ್ವಿಚ್ಚು ಹಾಕಿ ಅರ್ಧ ನಿಮಿಷಕ್ಕೆ ಕ್ಯಾನಿನ ಹೊಟ್ಟೆ ಒಳಗೆ ಎಳೆದುಕೊಂಡು ಬಡಕಲಾಯಿತು. ಗಾಳಿ ಹೋಗಲು ದಾರಿ ಇರಲೇಬೇಕು. ಈಗ ತೆಳ್ಳನೆಯ ಹಳೇ ಧೋತರದ ತುಂಡನ್ನು ಮೇಲೆ ಸಡಿಲವಾಗಿ ಹೊದಿಸುತ್ತೇನೆ, ಅಷ್ಟೇ. ಎರಡನೆಯದು ನನಗೆ ದಿಗಿಲು ಹುಟ್ಟಿಸಿದ್ದು. ಟ್ಯಾಂಕು ತುಂಬಿತು, ಸ್ವಿಚ್ಚು ಆರಿಸಿದೆ, ವೈರು ಸುತ್ತುತ್ತ ನಿಂತೆ. ತಿರುಗಿ ನೋಡಿದರೆ ಖಾಲಿಯಾಗಿದ್ದ ಕ್ಯಾನಿನಲ್ಲಿ ಮತ್ತೆ ಡೀಸೆಲ್! ಪೈಪಿನ ತುದಿ ಟ್ಯಾಂಕಿನೊಳಗೆ ಮುಳುಗಿತ್ತು. ಟ್ಯಾಂಕು ಮೇಲೆ, ಕ್ಯಾನು ಕೆಳಗೆ. ಒಡ್ಡಿನ ಮೇಲಿಂದ ಟ್ಯಾಂಕಿಗೆ ಇಳಿಸಿದ ಅದೇ ಸೈಫನ್ ಈಗ ಟ್ಯಾಂಕಿನಿಂದ ಕ್ಯಾನಿಗೆ ಇಳಿಸುತ್ತಿತ್ತು. ಅಂದಿನಿಂದ ಪೈಪಿನ ತುದಿಯನ್ನು ಟ್ಯಾಂಕಿನ ಬಾಯಿಯಿಂದ ನಾಲ್ಕು ಬೆರಳಷ್ಟೇ ಒಳಗೆ ಇಡುತ್ತೇನೆ, ಮುಳುಗಲು ಬಿಡುವುದಿಲ್ಲ. ಜಾರದ ಹಾಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತೇನೆ. ಖಾಲಿ ಕ್ಯಾನಿನಲ್ಲಿ ಪಂಪು ಓಡಿಸಿದರೆ ಮೋಟರ್ ಸುಡುತ್ತದೆ, ಅದನ್ನು ತಂಪಾಗಿಡುವುದೇ ಸುತ್ತಲಿನ ಡೀಸೆಲ್. ಸದ್ದು ಬದಲಾದ ಕೂಡಲೇ ಆರಿಸಿ.

ಕ್ಲಿಪ್ಪು ಹಚ್ಚುವಾಗ ಕಿಡಿ ಹಾರುತ್ತದೆ. ಹಾಗಾಗಿ ಸ್ವಿಚ್ಚು ಆಫ್ ಇಟ್ಟು, ಮೊದಲು ಬ್ಯಾಟರಿಗೆ ಕ್ಲಿಪ್ಪು, ಆಮೇಲೆ ಕ್ಯಾನಿನ ಮುಚ್ಚಳ ತೆಗೆಯುವುದು. ಮುಗಿದ ಮೇಲೆ ಮೊದಲು ಮುಚ್ಚಳ, ಆಮೇಲೆ ಕ್ಲಿಪ್ಪು ಬಿಚ್ಚುವುದು. ಎಂಜಿನ್ ನಿಂತು ಸೈಲೆನ್ಸರ್ ತಣ್ಣಗಾಗಿರಬೇಕು. ಬೀಡಿ ಸೇದುವವರು ದೂರ. "ಡೀಸೆಲ್ ಹಂಗ ಹತ್ತಂಗಿಲ್ಲ ಬಿಡ್ರಿ," ಅನ್ನುವವರು ಬಹಳ ಜನ. ತಂಪು ಹೊತ್ತಿನಲ್ಲಿ ಬೇಗ ಹತ್ತುವುದಿಲ್ಲ, ಒಪ್ಪಿದೆ. ಆದರೆ ನಮ್ಮ ದೇಶದ ಡೀಸೆಲಿನ ಆವಿ ಕಿಡಿ ಹಿಡಿಯುವ ಉಷ್ಣತೆ ಕನಿಷ್ಠ 35 ಡಿಗ್ರಿ ಇರಬೇಕು ಅಂತಷ್ಟೇ ನಿಯಮ. ನವಲಗುಂದದ ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿಟ್ಟ ಕ್ಯಾನು ಅದಕ್ಕಿಂತ ಹೆಚ್ಚೇ ಕಾದಿರುತ್ತದೆ.

ಪೆಟ್ರೋಲಿಗೆ ಈ ಬ್ಯಾಟರಿ ಪಂಪು ಖಂಡಿತ ಬಳಸಬೇಡಿ. ಮೋಟರಿನೊಳಗೆ ಕಿಡಿ ಇರುತ್ತದೆ, ಪೆಟ್ರೋಲಿನ ಆವಿ ಚಳಿಗಾಲದ ರಾತ್ರಿಯಲ್ಲೂ ಹತ್ತಿಕೊಳ್ಳುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ದೂರದ ಒಲೆ ಮುಟ್ಟುತ್ತದೆ. ನಮ್ಮ ಔಷಧಿ ಹೊಡೆಯುವ ಪಂಪಿಗೆ, ಬೈಕಿಗೆ ಬೇಕಾಗುವುದು ಎರಡು ಮೂರು ಲೀಟರ್. ಅದನ್ನು 5 ಲೀಟರಿನ ಲೋಹದ ಕ್ಯಾನಿನಿಂದ ಬಯಲಲ್ಲೇ ಲಾಳಿಕೆ ಇಟ್ಟು ಹಾಕುತ್ತೇವೆ. ಅಂಥ ಸಣ್ಣ ಕ್ಯಾನು ಬಾಗಿಸುವಾಗ ಬಾಯಿ ಕೆಳಗಿರುವಂತೆ ಹಿಡಿದರೆ ಗುಳುಗುಳು ಅಂತ ಚೆಲ್ಲುತ್ತದೆ. ಬಾಯಿ ಮೇಲಂಚಿಗೆ ಬರುವಂತೆ ಅಡ್ಡ ಹಿಡಿದರೆ ಗಾಳಿ ಒಳಹೋಗಲು ದಾರಿ ಸಿಕ್ಕು ಎಣ್ಣೆ ನೂಲಿನ ಹಾಗೆ ಬೀಳುತ್ತದೆ. ಇದನ್ನು ಬಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ನನಗೆ ತೋರಿಸಿದ್ದು.

ನೀರಿನ ಮಾತು ಹೇಳದೆ ಬಿಡಲಾರೆ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಎರಡೂ ಉಕ್ಕಿ ಬಂದಾಗ ನಮ್ಮ ಹಿತ್ತಲಿಗೂ ನೀರು ನುಗ್ಗಿತು. ಆಗ ಇದ್ದ ಅರ್ಧ ಬ್ಯಾರಲ್ ತೇಲಿ ಗೋಡೆಗೆ ಬಡಿಯುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಬಿರಡೆಯ ಸಂದಿಯಿಂದ ಕೆಸರುನೀರು ಒಳಗೆ ಹೋಗಿತ್ತು. ನಮಗೆ ಗೊತ್ತಾಗದೆ ಅದನ್ನೇ ಹಾಕಿ, ಎಂಜಿನ್ ಕೆಮ್ಮಿ ನಿಂತು, ಫಿಲ್ಟರು, ನಾಜಲ್ಲು ಎಲ್ಲ ಬಿಚ್ಚಿಸಬೇಕಾಯಿತು. ನೀರು ಡೀಸೆಲಿಗಿಂತ ಭಾರ, ತಳ ಸೇರುತ್ತದೆ. ಕ್ಯಾನು ಎತ್ತಿ ಬಗ್ಗಿಸುವವರು ಕೊನೆಯ ಹನಿಯ ತನಕ ಬಗ್ಗಿಸುತ್ತಾರೆ, ತಳದ ನೀರು, ಕಸ ಎಲ್ಲ ಟ್ಯಾಂಕಿಗೆ ಹೋಗುತ್ತದೆ. ಪೈಪು ಅಥವಾ ಪಂಪಿನಲ್ಲಿ ಹಾಕುವವರಿಗೆ ಇಲ್ಲೊಂದು ಲಾಭ ಇದೆ. ಕ್ಯಾನನ್ನು ರಾತ್ರಿಯೆಲ್ಲ ಅಲ್ಲಾಡಿಸದೆ ಇಟ್ಟು, ಬೆಳಿಗ್ಗೆ ಪಂಪಿನ ಮೂತಿಯನ್ನು ತಳದಿಂದ ಎರಡು ಬೆರಳು ಮೇಲೆ ನಿಲ್ಲಿಸಿದರೆ ಮೇಲಿನ ತಿಳಿ ಮಾತ್ರ ಬರುತ್ತದೆ. ನಾನು ಮೂತಿಯ ಕೆಳಗೆ ಎರಡು ಬೆರಳು ದಪ್ಪದ ಕಟ್ಟಿಗೆ ತುಂಡನ್ನು ತಂತಿಯಿಂದ ಬಿಗಿದಿದ್ದೇನೆ. ತಳದಲ್ಲಿ ಉಳಿದದ್ದನ್ನು ಗಾಜಿನ ಬಾಟಲಿಗೆ ಹಾಕಿ ಬಿಸಿಲಿಗೆ ಹಿಡಿಯುತ್ತೇನೆ, ನೀರಿದ್ದರೆ ಕೆಳಗೆ ಬೇರೆ ಗೆರೆಯಾಗಿ ಕಾಣುತ್ತದೆ. ಇನ್ನೊಂದು, ಸತುವು ಬಳಿದ ತಗಡಿನ ಬಕೆಟ್ಟು, ಡಬ್ಬಗಳಲ್ಲಿ ಡೀಸೆಲ್ ಇಡಬೇಡಿ. ಸತುವು ಡೀಸೆಲಿನ ಜೊತೆ ಬೆರೆತು ಫಿಲ್ಟರು, ನಾಜಲ್ಲು ಕೆಡಿಸುತ್ತದೆ.

ಪೈಪೂ ನೋಡಿಕೊಳ್ಳುವ ವಸ್ತುವೇ. ತೋಟಕ್ಕೆ ನೀರು ಬಿಡುವ ಪಾರದರ್ಶಕ ಪೈಪು ಒಂದು ಹಂಗಾಮು ಮುಗಿಯುವುದರೊಳಗೆ ಹಳದಿಯಾಗಿ, ಕಟ್ಟಿಗೆಯ ಹಾಗೆ ಬಿರುಸಾಗಿ, ಬಾಗಿದ ಕಡೆ ಸೀಳುತ್ತದೆ. ಡೀಸೆಲಿಗೆ ಅಂತಲೇ ಮಾಡಿದ ರಬ್ಬರು ಪೈಪು ತುಸು ಹೆಚ್ಚು ಬೆಲೆ, ನಮ್ಮದು ಮೂರನೇ ವರ್ಷ ನಡೆದಿದೆ.

ಈ ಸಲ ಹಿಂಗಾರಿಗೆ ಕಡಲೆ ಬಿತ್ತುವ ದಿನ ಬೆಳಿಗ್ಗೆ ಆರಕ್ಕೆ ನಾನು, ನಮ್ಮ ಮನೆಯವರು ಇಬ್ಬರೇ ಸಣ್ಣ ಹೊಲಕ್ಕೆ ಹೋಗಿದ್ದೆವು. ನಾಲ್ಕು ಕ್ಯಾನು, 40 ಲೀಟರ್. ನಾನು ಕ್ಲಿಪ್ಪು ಹಚ್ಚಿದೆ, ಅವರು ಟ್ಯಾಂಕಿನ ಬಾಯಲ್ಲಿ ಪೈಪು ಹಿಡಿದು ನಿಂತರು. ಪಂಪಿನ ಸದ್ದು ಸಣ್ಣಗೆ ಗುಂಯ್ ಅನ್ನುತ್ತಿತ್ತು. "ಮೊದಲ ಇದನ್ನ ತಂದಿದ್ದರ ನನ್ನ ನಡಾ ಉಳೀತಿತ್ತು," ಅಂದರು. ನನಗೆ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಐದು ನಿಮಿಷದಲ್ಲಿ ನಾಲ್ಕೂ ಕ್ಯಾನು ಖಾಲಿ. ಹುಡುಗ ಸೈಕಲ್ ಮೇಲೆ ಬರುವಷ್ಟರಲ್ಲಿ ಟ್ರ್ಯಾಕ್ಟರ್ ಸಿದ್ಧ ಇತ್ತು.

ಮೊನ್ನೆ ಪಕ್ಕದ ಓಣಿಯ ಹೆಣ್ಣುಮಗಳು ಬಂದಿದ್ದಳು. ಗಂಡ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದಾಗಿನಿಂದ ಅವಳದ್ದೇ ಹೊಲ, ಅವಳದ್ದೇ ಟ್ರ್ಯಾಕ್ಟರ್. "ಅಕ್ಕಾ, ನಮ್ಮ ಕ್ಯಾನಿಗೆ ಯಾವ ಪಂಪ್ ಹಿಡಸ್ತದ?" ಅಂದಳು. ಬಳೆ ತೆಗೆದು ಕೊಟ್ಟೆ. ಮನೆಗೆ ಹೋಗಿ ಇಟ್ಟು ನೋಡಿ ಬಂದಳು. ಅವಳ ಕ್ಯಾನಿನ ಬಾಯಿ ಬಳೆಗಿಂತ ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಸಣ್ಣದು. ಒಂದೂವರೆ ಇಂಚಿನದೇ ಕೇಳು, ಡೀಸೆಲಿಗೆ ಬೇಕಾದ್ದು ಅಂತ ಬಾಯಿಬಿಟ್ಟು ಹೇಳು, ಜೊತೆಗೆ ರಬ್ಬರು ಪೈಪು ಎರಡು ಮಾರು ತಗೋ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಸೋಮವಾರ ಹುಬ್ಬಳ್ಳಿಗೆ ಹೋಗುತ್ತಾಳಂತೆ.